ಒಂದು ಪುಟ ಮೀರಬಾರದು

ಬ್ಯಾಂಕಿನಿಂದ ಕಾಗದ ಬಂತು:
ಪ್ಯಾನೆಲ್ಲಿಗೆ ಹೊಸ ವಕೀಲರು ಬೇಕು,
ತಮ್ಮ ಪರಿಚಯ ಕಳಿಸಿ, ಒಂದು ಪುಟ ಮೀರಬಾರದು.

ಮಂದಿಯ ಪರವಾಗಿ ಇಪ್ಪತ್ತಾರು ವರ್ಷ ಬರೆದಿದ್ದೇನೆ:
ದಾವೆ, ಕೈಫಿಯತ್ತು, ಅಫಿಡವಿಟ್ಟು,
ಒಂದು ಬಾವಿಗೆ ಬಡಿದಾಡಿದ ಅಣ್ಣತಮ್ಮರ
ನಾಲ್ಕು ದಿಕ್ಕಿನ ಚಕ್ಕುಬಂದಿ.
ನನ್ನ ಚಕ್ಕುಬಂದಿ ಮಾತ್ರ ಹೊಳೆಯಲಿಲ್ಲ.
ಪೂರ್ವಕ್ಕೆ ಯಾರು? ಪಶ್ಚಿಮಕ್ಕೆ ಯಾರು?

ರಾತ್ರಿ ಕೂತು ಬರೆದೆ:
"ಶ್ರೀಮತಿ ನೀಲಗಂಗಾ ಹೊಂಬಳ,
ಗದಗಿನ ಖ್ಯಾತ ನ್ಯಾಯವಾದಿಗಳು.
ಅಪಾರ ಅನುಭವ. ಬಡವರ ಆಶಾಕಿರಣ."
ಹೊಂಬಳ ತವರಿನ ಅಡ್ಡಹೆಸರು;
ಮದುವೆಯಾದ ಮೇಲೂ ಸನದಿನಲ್ಲಿ ಬದಲಿಸಲಿಲ್ಲ,
ಅದಕ್ಕೂ ಫೀ ತುಂಬಬೇಕಿತ್ತು.
ಆಶಾಕಿರಣ ಅಂತ ಬರೆದ ಮೇಲೆ
ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ.

ಮುಂಜಾನೆ ಕೋರ್ಟಿನ ಕಾಂಪೌಂಡಿಗೆ ಹತ್ತಿ,
ಬೇವಿನ ನೆರಳಲ್ಲಿ, ನದಾಫರ ಖಾಜೇಸಾಬ.
ಟೈಪ್ ಮಷೀನು ಹೋಗಿ ಕಂಪ್ಯೂಟರ್ ಬಂದರೂ
ಅವನ ಬೆರಳು ಇನ್ನೂ ಕುಟ್ಟುತ್ತವೆ.
ಓದಿದ. ಕನ್ನಡಕ ಹಣೆಗೇರಿಸಿದ.
"ಖ್ಯಾತ ಅಂದ್ರ, ಯಾರ ಸಾಕ್ಷಿರೀ ಬಾಯಾರ?"
ಒಂದು ಕೀಲಿ ಒತ್ತಿದ. ನನ್ನ ಖ್ಯಾತಿ ಹೋಯಿತು.
"ಅಪಾರ ಅಂದ್ರ ಎಷ್ಟ ವರ್ಷ?"
"ಇಪ್ಪತ್ತಾರು."
"ಹಂಗಂತ ಬರೀರೆಲಾ. ಓದಾಂವಗ ಎಣಸಾಕ ಬರತೈತಿ."
ಆಶಾಕಿರಣಕ್ಕೆ ಅವನು ಏನೂ ಅನ್ನಲಿಲ್ಲ,
ಸುಮ್ಮನೆ ನನ್ನ ಮುಖ ನೋಡಿದ.
ನಾನೇ ಹೊಡೆದು ಹಾಕಿಸಿದೆ.

ಉಳಿದದ್ದು ಹೆಸರು, ಸನದು ಸಿಕ್ಕ ಇಸವಿ,
ಹುಬ್ಬಳ್ಳಿಯ ಲಾ ಕಾಲೇಜು,
ಮತ್ತೆ "ಇವರು".
ನಾನು ಯಾವಾಗ ಇವರಾದೆ?
ಇವರು ದಿವಾಣಿ ದಾವೆಗಳಲ್ಲಿ ಪರಿಣತರು.
ಇವರು ಭೂದಾಖಲೆ ಪರಿಶೀಲನೆ ಬಲ್ಲರು.
ಓದುತ್ತ ಹೋದರೆ ಪಂಚನಾಮೆಯ ಹಾಗಿದೆ:
ದೇಹ ಅಂಗಾತ ಬಿದ್ದಿದೆ, ಎಡಗೈಯಲ್ಲಿ ವಾಚು.

"ಬ್ಯಾಂಕಿಗೆ ಏನು ಬೇಕ್ರೀ?" ಅಂದ ಖಾಜೇಸಾಬ.
"ಉತಾರ ನೋಡಿ ಬೋಜಾ ಐತೋ ಇಲ್ಲೋ ಹೇಳಾವ್ರು.
ಅದನ್ನ ಮೊದಲ ಹಾಕ್ರಿ, ಕಾಲೇಜು ಕೆಳಗ ಇರಲಿ."
ನಿಜ. ಹಳೆಯ ಉತಾರಗಳನ್ನು ನಾನು
ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಓದಬಲ್ಲೆ.
ಮುಳಗುಂದದ ಕಡೆ ಒಂದು ಹೊಲ:
ಮೂರು ತಲೆಮಾರು ಯಾರೂ ಹೆಸರೆತ್ತದ ಮಗಳೊಬ್ಬಳನ್ನು
ಮೋಡಿ ಅಕ್ಷರದ ಹಳದಿ ವರ್ದಿಯೊಂದರಲ್ಲಿ
ಹುಡುಕಿ ತೆಗೆದಿದ್ದೆ.
ಅದನ್ನು ಬರೆಸಿದೆ, ಊರು ಬಿಟ್ಟು, ಹೆಸರು ಬಿಟ್ಟು.
ಕಕ್ಷಿದಾರರ ಮನೆಮಾತು ನನ್ನ ಪುಟಕ್ಕೆ ಬರಬಾರದು.

"ಗೆದ್ದದ್ದು?"
ಗೆದ್ದದ್ದಕ್ಕೆ ಲೆಕ್ಕ ಇಟ್ಟಿಲ್ಲ. ಸೋತವು ನೆನಪಿವೆ.
ಶಿರಹಟ್ಟಿ ಕಡೆಯ ತಿಪ್ಪವ್ವನ ಜೀವನಾಂಶ:
ಒಂಬತ್ತು ವರ್ಷ, ಎಪ್ಪತ್ತೊಂದು ಮುದ್ದತು,
ಕೊನೆಗೆ ವಜಾ.
ಆದೇಶ ಓದಿ ಹೇಳಿದಾಗ
ಆಕೆ ಸೆರಗಿನ ಗಂಟು ಬಿಚ್ಚಿ
ನನ್ನ ಕೈಯಲ್ಲಿ ಚಹಾದ ರೊಕ್ಕ ಇಟ್ಟಳು:
"ಗಂಟಲಾ ಒಣಗೇತಿ ನಿಂದು, ತಂಗೀ."
ಇದು ಯಾವ ಕಲಮಿನಡಿ ಬರುತ್ತದೆ?
ಅನುಭವ? ಸಾಧನೆ? ಇತರೆ?

ಖಾಜೇಸಾಬನ ಬೆರಳು ಕೀಲಿಯ ಮೇಲೆ ನಿಂತವು.
"ಇದನ್ನ ಹೊಡೀಲೇನ್ರೀ?"
ಬ್ಯಾಡ ಅಂದೆ. ಮತ್ತೆ, ತಡಿ ಅಂದೆ.

ಅಷ್ಟರಲ್ಲಿ ಒಳಗಿನಿಂದ ಪಟ್ಟೇವಾಲಾನ ಕೂಗು:
ವಾದಿಯ ಹೆಸರು ಮೂರು ಸಲ,
ಪ್ರತಿವಾದಿಯ ಹೆಸರು ಮೂರು ಸಲ.
ಇಪ್ಪತ್ತಾರು ವರ್ಷದಲ್ಲಿ ಆ ಬಾಗಿಲಲ್ಲಿ ನಿಂತು
ನನ್ನ ಹೆಸರನ್ನು ಯಾರೂ ಕೂಗಿಲ್ಲ;
ಯಾರಯಾರದೋ ಹೆಸರಿಗೆ
ಓ ಅಂತ ಓಡಿದವಳು ನಾನು.

ಕೋಟು ತೊಟ್ಟೆ.
ಪುಟದ ಕೆಳಗೆ ನಾಲ್ಕು ಬೆರಳು ಜಾಗ ಉಳಿದಿತ್ತು.
"ಪುಟಕ್ಕ ಮೂವತ್ತು," ಅಂದ.
"ಖಾಲಿ ಬಿಟ್ಟದ್ದಕ್ಕ ರೊಕ್ಕ ಇಲ್ರೀ."
ಕಾಗದ ಇನ್ನೂ ಬೆಚ್ಚಗಿತ್ತು.
ಮಡಚಿ, ಬೇರೆಯವರ ಕಾಗದಗಳ ನಡುವೆ ತುರುಕಿ,
ಮೆಟ್ಟಿಲು ಹತ್ತಿದೆ.